ಹಿಸ್ತೇಮಿ: ‘ನಿಲ್ಲು’ ಮತ್ತು ‘ನಿಲ್ಲಿಸು’ ಎರಡೂ ಆಗುವ ಗ್ರೀಕ್ ಕ್ರಿಯಾಪದವನ್ನು ಬಿಡಿಸಿ ಓದುವ ಕ್ರಮ

ಪ್ರಾಚೀನ ಗ್ರೀಕ್ ಕಲಿಯುವವರು ‘ಮಿ’ ಎಂದು ಮುಗಿಯುವ ಕ್ರಿಯಾಪದಗಳ ಪಾಠಕ್ಕೆ ಬಂದಾಗ ಹೆಚ್ಚು ತಡವರಿಸುವುದು ಹಿಸ್ತೇಮಿಯ ಬಳಿ. ರೂಪಗಳು ಹೆಚ್ಚಿರುವುದು ಇದಕ್ಕೆ ಕಾರಣವಲ್ಲ. ದಿದೋಮಿ (ಕೊಡು), ತಿಥೇಮಿ (ಇಡು) ಇವಕ್ಕೂ ಬಹಳ ರೂಪಗಳಿವೆ. ಆದರೆ ಕೊಡುವುದು ಯಾವ ಕಾಲದಲ್ಲೂ ಕೊಡುವುದೇ. ಹಿಸ್ತೇಮಿ ಹಾಗಲ್ಲ: ಕೆಲವು ರೂಪಗಳಲ್ಲಿ ಅದು ಸಕರ್ಮಕ, ‘ನಿಲ್ಲಿಸು’, ಉಳಿದವುಗಳಲ್ಲಿ ಅಕರ್ಮಕ, ‘ನಿಲ್ಲು’. ಕನ್ನಡದಲ್ಲಿ ಈ ಎರಡನ್ನು ಬೇರೆ ಮಾಡುವುದು ‘ಇಸು’ ಪ್ರತ್ಯಯ; ಅದು ಎಲ್ಲ ಕಾಲಕ್ಕೂ ಒಂದೇ. ಗ್ರೀಕ್‌ನಲ್ಲಿ ಅಂಥ ಒಂದೇ ಪ್ರತ್ಯಯವಿಲ್ಲ. ಆ ಕೆಲಸ ಕ್ರಿಯಾಪದದ ಅಂಗಕ್ಕೆ, ಅಂದರೆ ಕಾಲಕ್ಕೆ ತಕ್ಕಂತೆ ಬದಲಾಗುವ ಧಾತುರೂಪಕ್ಕೆ, ಸೇರಿದ್ದು. ಹಾಗಾಗಿ ಈ ಕ್ರಿಯಾಪದ ಎದುರಾದಾಗ ‘ಇದರ ಅರ್ಥವೇನು’ ಎಂಬ ಪ್ರಶ್ನೆ ಎರಡನೆಯದು. ‘ಇದು ಯಾವ ಅಂಗ’ ಎಂಬುದು ಮೊದಲನೆಯದು.

ಇಲ್ಲಿ ಗ್ರೀಕ್ ಪದಗಳನ್ನು ಕನ್ನಡ ಲಿಪಿಯಲ್ಲೇ ಬರೆದಿದೆ, ಮತ್ತು ಈ ಕೆಲಸಕ್ಕೆ ನಮ್ಮ ಲಿಪಿ ಬಹಳ ಚೆನ್ನಾಗಿ ಹೊಂದುತ್ತದೆ. ಗ್ರೀಕ್‌ನ ಎಪ್ಸಿಲಾನ್ ಹ್ರಸ್ವ ‘ಎ’, ಈಟ ದೀರ್ಘ ‘ಏ’. ಓಮಿಕ್ರಾನ್ ‘ಒ’, ಓಮೆಗ ‘ಓ’. ಥೀಟ, ಫೈ, ಖೈ ಎಂಬ ಮೂರು ಅಕ್ಷರಗಳು ಕ್ರಿ.ಪೂ. 5ನೆಯ ಶತಮಾನದ ಅಥೆನ್ಸ್‌ನಲ್ಲಿ ಮಹಾಪ್ರಾಣಗಳೇ ಆಗಿದ್ದವು: ಥ, ಫ, ಖ. ಪದದ ಮೊದಲಿನ ಸ್ವರದ ಮೇಲೆ ಎಡಕ್ಕೆ ಬಾಗಿದ ಪುಟ್ಟ ಕೊಂಬಿನಂಥ ಗುರುತಿದ್ದರೆ ‘ಹ’ಕಾರ ಉಂಟು, ಬಲಕ್ಕೆ ಬಾಗಿದ್ದರೆ ಇಲ್ಲ. ಈ ಗುರುತನ್ನು ಕಡೆಗಣಿಸಿ ಓದುವ ಅಭ್ಯಾಸವಾದರೆ ಹಿಸ್ತೇಮಿ ಎಂದೂ ಬಿಡಿಸಲಾಗದ ಒಗಟಾಗಿ ಉಳಿಯುತ್ತದೆ, ಏಕೆಂದರೆ ಇಡೀ ಬೀಗದ ಕೀಲಿ ಇರುವುದೇ ಅಲ್ಲಿ.

ಧಾತು

ಧಾತು ‘ಸ್ತಾ’. ಇದು ಸಂಸ್ಕೃತದ ‘ಸ್ಥಾ’ ಧಾತುವಿನ ಒಡಹುಟ್ಟು. ಅಥೆನ್ಸ್‌ನ ಆಟಿಕ್ ಉಪಭಾಷೆಯಲ್ಲಿ ಹಳೆಯ ದೀರ್ಘ ‘ಆ’ ಹೆಚ್ಚಿನ ಕಡೆ ‘ಏ’ ಆಯಿತು. ಆದ್ದರಿಂದ ಧಾತು ‘ಸ್ತೇ’ ಎಂದು ಕಾಣುತ್ತದೆ. ಡೋರಿಕ್ ಉಪಭಾಷೆಯಲ್ಲಿ ಅದು ಹಿಸ್ತಾಮಿ ಎಂದೇ ಉಳಿಯಿತು. ಹ್ರಸ್ವವಾದಾಗ ಅದು ‘ಸ್ತ’. ಹೀಗಾಗಿ ‘ಸ್ತೇ’ ಮತ್ತು ‘ಸ್ತ’ ಎರಡನ್ನೂ ಒಂದೇ ಧಾತು ಎಂದು ಕಣ್ಣು ಗುರುತಿಸಬೇಕು.

ವರ್ತಮಾನದ ಅಂಗದಲ್ಲಿ ಧಾತುವಿನ ಮೊದಲ ವ್ಯಂಜನ ‘ಇ’ ಸ್ವರದೊಡನೆ ದ್ವಿತ್ವ ಹೊಂದುತ್ತದೆ. ಮೂಲರೂಪ ‘ಸಿ-ಸ್ತಾ-ಮಿ’. ಗ್ರೀಕ್‌ನಲ್ಲಿ ಪದಾರಂಭದ ‘ಸ’ ಸ್ವರದ ಮುಂದೆ ‘ಹ’ ಆಯಿತು (ಸಂಸ್ಕೃತದ ‘ಸಪ್ತ’ ಗ್ರೀಕ್‌ನಲ್ಲಿ ‘ಹೆಪ್ತ’). ಅದರಿಂದ ಹಿಸ್ತೇಮಿ. ಸಂಸ್ಕೃತದ ತಿಷ್ಠತಿಯಲ್ಲೂ ಇದೇ ದ್ವಿತ್ವವಿದೆ. ಅಲ್ಲಿ ಮರುಕಳಿಸಿದ್ದು ‘ತ’ಕಾರ, ಇಲ್ಲಿ ‘ಸ’ಕಾರ.

ಸಂಸ್ಕೃತ ಬಲ್ಲವರಿಗೆ ಇಲ್ಲೊಂದು ಎಚ್ಚರಿಕೆ ಬೇಕು. ತಿಷ್ಠತಿ ಎಂದರೆ ‘ನಿಲ್ಲುತ್ತಾನೆ’. ಅದನ್ನು ನೆನೆದು ಹಿಸ್ತೇಸಿ ಎಂದರೂ ‘ನಿಲ್ಲುತ್ತಾನೆ’ ಎಂದುಕೊಂಡರೆ ವಾಕ್ಯ ತಲೆಕೆಳಗಾಗುತ್ತದೆ. ಹಿಸ್ತೇಸಿ ಎಂದರೆ ‘ನಿಲ್ಲಿಸುತ್ತಾನೆ’. ಅರ್ಥದಲ್ಲಿ ಇದು ಸ್ಥಾಪಯತಿಗೆ ಹತ್ತಿರ. ರೂಪ ಒಂದರದು, ಅರ್ಥ ಇನ್ನೊಂದರದು.

ಮೊದಲು ಬಾಯಿಪಾಠವಾಗಬೇಕಾದ ರೂಪಗಳು

ನಿಘಂಟುಗಳು ಕ್ರಿಯಾಪದದ ಮುಖ್ಯರೂಪಗಳನ್ನು ಸಾಲಾಗಿ ಕೊಡುತ್ತವೆ. ಹಿಸ್ತೇಮಿಗೆ ಅವು: ಹಿಸ್ತೇಮಿ, ಸ್ತೇಸೋ, ಎಸ್ತೇಸ, ಎಸ್ತೇನ್, ಹೆಸ್ತೇಕ, ಎಸ್ತಥೇನ್. (ಹೆಸ್ತಮೈ ಎಂಬ ಪರ್ಫೆಕ್ಟ್ ಆತ್ಮನೇಪದವನ್ನೂ ಸೇರಿಸುತ್ತಾರೆ, ಓದಿನಲ್ಲಿ ಅದು ಅಪರೂಪ. ಪರ್ಫೆಕ್ಟ್ ಎಂದರೆ ಮುಗಿದ ಕ್ರಿಯೆಯ ಫಲವಾಗಿ ಈಗ ಇರುವ ಸ್ಥಿತಿಯನ್ನು ಹೇಳುವ ರೂಪ. ಆತ್ಮನೇಪದ ಎಂದರೆ ಕ್ರಿಯೆ ಕರ್ತೃವಿನ ಕಡೆಗೇ ತಿರುಗುವ ಪ್ರತ್ಯಯಗಳ ಸಾಲು, ಸಾಧಾರಣ ಸಾಲು ಪರಸ್ಮೈಪದ.) ಇವನ್ನು ಅರ್ಥವಿಲ್ಲದೆ ಗಟ್ಟಿ ಮಾಡಬಾರದು. ಒಂದೊಂದಕ್ಕೂ ಪಕ್ಕದಲ್ಲೇ ಕನ್ನಡ ಇಟ್ಟು ಕಲಿಯಬೇಕು:

ಹಿಸ್ತೇಮಿ: ನಿಲ್ಲಿಸುತ್ತೇನೆ.
ಸ್ತೇಸೋ: ನಿಲ್ಲಿಸುವೆನು.
ಎಸ್ತೇಸ: ನಿಲ್ಲಿಸಿದೆನು.
ಎಸ್ತೇನ್: ನಿಂತೆನು.
ಹೆಸ್ತೇಕ: ನಿಂತಿದ್ದೇನೆ.
ಎಸ್ತಥೇನ್: ನಿಲ್ಲಿಸಲ್ಪಟ್ಟೆನು, ಎಷ್ಟೋ ಕಡೆ ಬರಿದೆ ‘ನಿಂತೆನು’.

ಮೊದಲ ಮೂರು ಸಕರ್ಮಕ. ನಾಲ್ಕನೆಯದು, ಐದನೆಯದು ಅಕರ್ಮಕ. ವರ್ತಮಾನದಲ್ಲಿ ‘ನಿಲ್ಲುತ್ತೇನೆ’ ಎನ್ನಬೇಕಾದರೆ ಆತ್ಮನೇಪದಕ್ಕೆ ಹೋಗಬೇಕು: ಹಿಸ್ತಮೈ. ಭವಿಷ್ಯದಲ್ಲೂ ಹಾಗೆಯೇ, ಸ್ತೇಸೊಮೈ: ‘ನಿಲ್ಲುವೆನು’.

ಅಯೊರಿಸ್ಟ್ ಎಂಬ ಭೂತಕಾಲ ಎರಡು ಬಗೆಯಲ್ಲಿರುವುದೇ ಈ ಕ್ರಿಯಾಪದದ ಹೃದಯ. ಎಸ್ತೇನ್ ಬಹಳ ಹಳೆಯ ರೂಪ: ಮುಂದೆ ‘ಎ’ ಆಗಮ (ಭೂತಕಾಲ ಸೂಚಿಸಲು ಸೇರುವ ಧ್ವನಿ), ನಡುವೆ ಧಾತು, ಕೊನೆಗೆ ಪುರುಷಪ್ರತ್ಯಯ. ಸಂಸ್ಕೃತದ ‘ಅಸ್ಥಾಮ್, ಅಸ್ಥಾಃ, ಅಸ್ಥಾತ್’ ಇದಕ್ಕೆ ಅಕ್ಷರಕ್ಕೆ ಅಕ್ಷರ ಹೊಂದುತ್ತವೆ: ಎಸ್ತೇನ್, ಎಸ್ತೇಸ್, ಎಸ್ತೇ. ಧಾತುವಿನ ಹಳೆಯ ಅರ್ಥವಾದ ‘ನಿಲ್ಲು’ ಇದರಲ್ಲಿ ಹಾಗೆಯೇ ಉಳಿಯಿತು. ದ್ವಿತ್ವದ ವರ್ತಮಾನವು ‘ನಿಲ್ಲಿಸು’ ಎಂದಾದ ಮೇಲೆ ಅದಕ್ಕೆ ಸರಿಸಾಟಿಯಾದ ಸಕರ್ಮಕ ಭೂತರೂಪ ಬೇಕಾಯಿತು. ‘ಸ’ಕಾರದ ಎಸ್ತೇಸ ಆ ಸ್ಥಾನ ತುಂಬಿತು. ಈ ಹಿನ್ನೆಲೆ ಗೊತ್ತಿದ್ದರೆ ಯಾವುದು ಸಕರ್ಮಕ ಎಂದು ಗೊಂದಲವಾಗದು. ‘ಸ’ ಸೇರಿದ ಅಯೊರಿಸ್ಟ್ ‘ನಿಲ್ಲಿಸಿದ’. ಧಾತುವಿಗೇ ಪ್ರತ್ಯಯ ಅಂಟಿದ ಅಯೊರಿಸ್ಟ್ ‘ನಿಂತ’.

ಮೊದಲ ಅಕ್ಷರವನ್ನು ಕೇಳಿ

ಉಪಸರ್ಗವಿಲ್ಲದ ರೂಪ ಸಿಕ್ಕಾಗ ಮಾಡಬೇಕಾದ ಮೊದಲ ಕೆಲಸ ಅದರ ಆರಂಭವನ್ನು ನೋಡುವುದು. ನಾಲ್ಕೇ ಸಾಧ್ಯತೆಗಳಿವೆ.

‘ಹಿ’ ಎಂದು ಶುರುವಾದರೆ ಅದು ವರ್ತಮಾನದ ಅಂಗ: ವರ್ತಮಾನ, ಅಥವಾ ಅದರ ಭೂತವಾದ ಇಂಪರ್ಫೆಕ್ಟ್. ಮುಂದೆ ಪ್ರತ್ಯಯ ನೋಡಿ. ಪರಸ್ಮೈಪದವಾದರೆ ‘ನಿಲ್ಲಿಸು’, ಆತ್ಮನೇಪದವಾದರೆ ಸಾಮಾನ್ಯವಾಗಿ ‘ನಿಲ್ಲು’.

‘ಹೆ’ ಎಂದು ಶುರುವಾದರೆ ಪರ್ಫೆಕ್ಟ್. ಇದೂ ದ್ವಿತ್ವವೇ, ‘ಸೆ-ಸ್ತಾ’ ಎಂಬುದು ‘ಹೆ-ಸ್ತೇ’ ಆಯಿತು. ಅರ್ಥ ‘ನಿಂತಿರು’, ಅನುಮಾನವೇ ಬೇಡ.

‘ಎ’ ಎಂದು, ಹಕಾರವಿಲ್ಲದೆ, ಶುರುವಾದರೆ ಅಯೊರಿಸ್ಟ್. ಆ ‘ಎ’ ದ್ವಿತ್ವವಲ್ಲ, ಭೂತಕಾಲದ ಆಗಮ. ಅದರ ಹಿಂದೆ ಎಂದೂ ‘ಸ’ಕಾರ ಇರಲಿಲ್ಲ, ಆದ್ದರಿಂದ ಹಕಾರವೂ ಹುಟ್ಟಲಿಲ್ಲ. ಇಲ್ಲಿ ಧಾತುವಿನ ನಂತರ ಬರುವ ಧ್ವನಿಯನ್ನು ನೋಡಬೇಕು.

ನೇರವಾಗಿ ‘ಸ್ತ’ ಎಂದು ಶುರುವಾದರೆ ಭವಿಷ್ಯ, ಇಲ್ಲವೇ ಆಗಮವಿಲ್ಲದ ಅಯೊರಿಸ್ಟ್: ಆಜ್ಞಾರ್ಥ, ಕೃದಂತ, ಭಾವರೂಪ (‘ನಿಲ್ಲುವುದು’ ಎಂಬಂಥದು), ಸಬ್ಜಂಕ್ಟಿವ್ ಮತ್ತು ಆಪ್ಟೇಟಿವ್ (ಸಂಭವ, ಉದ್ದೇಶ, ಹಾರೈಕೆ ಸೂಚಿಸುವ ರೂಪಗಳು). ಹೋಮರ್‌ನಲ್ಲಿ ಭೂತಕಾಲದ ಆಗಮವೇ ಬಿಟ್ಟುಹೋಗುವುದುಂಟು. ಅಲ್ಲಿ ‘ಸ್ತೇ’ ಎಂದಷ್ಟೇ ಇದ್ದರೂ ಅದು ಎಸ್ತೇ, ‘ನಿಂತನು’.

ಹೆಸ್ತೇಕೆ, ಎಸ್ತೇಸೆ: ಮುದ್ರಿತ ಪುಟದಲ್ಲಿ ಇವೆರಡರ ಮೊದಲಕ್ಷರಗಳ ವ್ಯತ್ಯಾಸ ಕೂದಲೆಳೆಯಷ್ಟು. ಒಂದು ‘ನಿಂತಿದ್ದಾನೆ’, ಇನ್ನೊಂದು ‘ನಿಲ್ಲಿಸಿದನು’. ಗಟ್ಟಿಯಾಗಿ ಓದುವವರಿಗೆ ಈ ತಪ್ಪು ಆಗುವುದಿಲ್ಲ. ಕಣ್ಣಿನಲ್ಲೇ ಓದುವವರಿಗೆ ಆಗುತ್ತಲೇ ಇರುತ್ತದೆ. ಹಾಗೆಯೇ ಇಂದಿನ ಗ್ರೀಕ್ ಉಚ್ಚಾರಣೆಯಲ್ಲಿ ಈ ಕ್ರಿಯಾಪದ ಕಲಿಯಬೇಡಿ ಎಂಬುದು ನಮ್ಮ ಸಲಹೆ. ಅದರಲ್ಲಿ ಹಕಾರವಿಲ್ಲ, ‘ಏ’ ಎಲ್ಲವೂ ‘ಇ’ ಆಗಿದೆ. ‘ನಿಂತನು’ ಎಂಬ ಎಸ್ತೇ ಮತ್ತು ‘ಇದೆ’ ಎಂಬ ಎಸ್ತಿ ಎರಡೂ ಕಿವಿಗೆ ಸ್ವರಭಾರದ ಸ್ಥಾನವೊಂದನ್ನು ಬಿಟ್ಟರೆ ಒಂದೇ ಆಗಿಬಿಡುತ್ತವೆ.

ವರ್ತಮಾನ ಮತ್ತು ಇಂಪರ್ಫೆಕ್ಟ್

ಪರಸ್ಮೈಪದ ವರ್ತಮಾನ: ಹಿಸ್ತೇಮಿ, ಹಿಸ್ತೇಸ್, ಹಿಸ್ತೇಸಿ, ಬಹುವಚನದಲ್ಲಿ ಹಿಸ್ತಮೆನ್, ಹಿಸ್ತತೆ, ಹಿಸ್ತಾಸಿ. ಏಕವಚನದಲ್ಲಿ ದೀರ್ಘ, ಬಹುವಚನದಲ್ಲಿ ಹ್ರಸ್ವ. ಕೊನೆಯ ಹಿಸ್ತಾಸಿಯ ದೀರ್ಘ ‘ಆ’ ಧಾತುವಿನದಷ್ಟೇ ಅಲ್ಲ, ಪ್ರತ್ಯಯದೊಡನೆ ಕೂಡಿ ಬಂದದ್ದು. ಹಿಸ್ತೇಸಿ ‘ಅವನು ನಿಲ್ಲಿಸುತ್ತಾನೆ’, ಹಿಸ್ತಾಸಿ ‘ಅವರು ನಿಲ್ಲಿಸುತ್ತಾರೆ’. ಒಂದು ಸ್ವರ ತಪ್ಪಿದರೆ ವಚನವೇ ತಪ್ಪುತ್ತದೆ.

ಆತ್ಮನೇಪದ: ಹಿಸ್ತಮೈ, ಹಿಸ್ತಸೈ, ಹಿಸ್ತತೈ, ಹಿಸ್ತಮೆಥ, ಹಿಸ್ತಸ್ಥೆ, ಹಿಸ್ತನ್ತೈ. ಇದರಲ್ಲಿ ಎಲ್ಲವೂ ಹ್ರಸ್ವ, ಪ್ರತ್ಯಯಗಳು ನಿಯತ. ಅಥೆನ್ಸ್‌ನವರು ತಿಂಗಳ ಮೊದಲ ಹತ್ತು ದಿನಗಳನ್ನು ಮೇನೊಸ್ ಹಿಸ್ತಮೆನೂ ಎಂದು ಬರೆಯುತ್ತಿದ್ದರು, ‘ಮೇಲೇಳುತ್ತಿರುವ ತಿಂಗಳಿನ’ ಎಂದು. ಶಾಸನ ಓದುವವರು ಈ ಕೃದಂತವನ್ನು ಪದೇಪದೇ ಕಾಣುತ್ತಾರೆ.

ಇಂಪರ್ಫೆಕ್ಟ್‌ನಲ್ಲಿ ಮೊದಲ ‘ಇ’ ದೀರ್ಘವಾಗುತ್ತದೆ: ಹೀಸ್ತೇನ್, ಹೀಸ್ತೇಸ್, ಹೀಸ್ತೇ, ಹೀಸ್ತಮೆನ್, ಹೀಸ್ತತೆ, ಹೀಸ್ತಸನ್. ತೊಂದರೆಯೆಂದರೆ ಗ್ರೀಕ್ ಲಿಪಿಯಲ್ಲಿ ‘ಇ’ಗೂ ‘ಈ’ಗೂ ಅಕ್ಷರ ಒಂದೇ. ಹಾಗಾಗಿ ‘ನಿಲ್ಲಿಸುತ್ತೇವೆ’, ‘ನಿಲ್ಲಿಸುತ್ತಿದ್ದೆವು’ ಎರಡೂ ಬರಹದಲ್ಲಿ ಒಂದೇ ರೀತಿ ಕಾಣುತ್ತವೆ. ಮಧ್ಯಮಪುರುಷದ ಎರಡೂ ವಚನಗಳಲ್ಲೂ ಇದೇ ಕಥೆ. ಸುತ್ತಲಿನ ಕ್ರಿಯಾಪದಗಳ ಕಾಲ ನೋಡಿಯೇ ತೀರ್ಮಾನಿಸಬೇಕು.

ಎಸ್ತೇಸನ್ ಎಂಬ ಇಕ್ಕಟ್ಟು

ಸಕರ್ಮಕ ಅಯೊರಿಸ್ಟ್: ಎಸ್ತೇಸ, ಎಸ್ತೇಸಸ್, ಎಸ್ತೇಸೆ, ಎಸ್ತೇಸಮೆನ್, ಎಸ್ತೇಸತೆ, ಎಸ್ತೇಸನ್.
ಅಕರ್ಮಕ ಅಯೊರಿಸ್ಟ್: ಎಸ್ತೇನ್, ಎಸ್ತೇಸ್, ಎಸ್ತೇ, ಎಸ್ತೇಮೆನ್, ಎಸ್ತೇತೆ, ಎಸ್ತೇಸನ್.

ಎರಡನೆಯ ಸಾಲಿನಲ್ಲಿ ಬಹುವಚನದಲ್ಲೂ ‘ಏ’ ದೀರ್ಘವೇ ಉಳಿಯುತ್ತದೆ, ವರ್ತಮಾನದಂತೆ ಹ್ರಸ್ವವಾಗುವುದಿಲ್ಲ. ಎರಡೂ ಸಾಲುಗಳ ಕೊನೆಯ ರೂಪ ಒಂದೇ. ಮೊದಲನೆಯದರಲ್ಲಿ ‘ಸ’ ಕಾಲದ ಗುರುತು, ‘ಅನ್’ ಪ್ರತ್ಯಯ; ಎರಡನೆಯದರಲ್ಲಿ ‘ಸನ್’ ಇಡಿಯಾಗಿ ಪ್ರತ್ಯಯ. ಕೂಡಿ ಬಂದ ಫಲ ಮಾತ್ರ ಒಂದೇ: ‘ನಿಲ್ಲಿಸಿದರು’ ಅಥವಾ ‘ನಿಂತರು’.

ಬಿಡಿಸುವ ದಾರಿ ಕರ್ಮವನ್ನು ಹುಡುಕುವುದು. ಗ್ರೀಕ್ ಇತಿಹಾಸಕಾರ ಥ್ಯುಸಿಡಿಡೀಸ್‌ನಲ್ಲಿ ಮತ್ತೆ ಮತ್ತೆ ಬರುವ ‘ತ್ರೊಪೈಯೊನ್ ಎಸ್ತೇಸನ್’ ಎಂಬಲ್ಲಿ ತ್ರೊಪೈಯೊನ್, ಅಂದರೆ ವಿಜಯಸ್ತಂಭ, ದ್ವಿತೀಯಾ ವಿಭಕ್ತಿಯಲ್ಲಿದೆ. ಆದ್ದರಿಂದ ‘ವಿಜಯಸ್ತಂಭ ನಿಲ್ಲಿಸಿದರು’. ಆದರೆ ಕರ್ಮ ಯಾವಾಗಲೂ ಪಕ್ಕದಲ್ಲೇ ಇರಬೇಕೆಂದಿಲ್ಲ. ಹಿಂದಿನ ವಾಕ್ಯದಲ್ಲಿ ಬಂದದ್ದು ಇಲ್ಲಿ ಅಧ್ಯಾಹಾರವಾಗಿರಬಹುದು (ಹೇಳದೆಯೇ ಊಹಿಸಿಕೊಳ್ಳಬೇಕಾಗಿರಬಹುದು), ಕ್ರಿಯಾಪದದ ನಂತರವೂ ಬರಬಹುದು. ದ್ವಿತೀಯೆ ಕಂಡ ಕೂಡಲೇ ಕರ್ಮ ಎಂದೂ ಹೇಳಲಾಗದು. ಕಾಲಾವಧಿ, ದೂರ ಸೂಚಿಸುವ ಪದಗಳೂ ದ್ವಿತೀಯೆಯಲ್ಲೇ ಇರುತ್ತವೆ. ‘ಮೂರು ದಿನ ನಿಂತರು’ ಎಂಬಲ್ಲಿ ದಿನಗಳನ್ನು ಯಾರೂ ನಿಲ್ಲಿಸಲಿಲ್ಲ.

ಮತ್ತಾಯನ ಸುವಾರ್ತೆಯ 26:15ರಲ್ಲಿ ‘ಹೊಯ್ ದೆ ಎಸ್ತೇಸನ್ ಔತೋಯ್ ತ್ರಿಯಾಕೊನ್ತ ಅರ್ಗುರಿಯ’ ಎಂದಿದೆ. ಕರ್ಮ ಮೂವತ್ತು ಬೆಳ್ಳಿ ನಾಣ್ಯಗಳು. ಆದರೆ ಅವರು ನಾಣ್ಯಗಳನ್ನು ‘ನಿಲ್ಲಿಸಿದರು’ ಎಂದರೆ ಏನೂ ಅರ್ಥವಾಗದು. ತಕ್ಕಡಿಯಲ್ಲಿಟ್ಟು ತೂಗುವುದಕ್ಕೂ ಹಿಸ್ತೇಮಿ ಬಳಕೆಯಾಗುತ್ತದೆ. ‘ಅವನಿಗೆ ಮೂವತ್ತು ಬೆಳ್ಳಿ ನಾಣ್ಯ ತೂಗಿಕೊಟ್ಟರು’. ಸ್ತತೇರ್ ಎಂಬ ನಾಣ್ಯದ ಹೆಸರು ಹುಟ್ಟಿದ್ದೂ ಈ ತೂಗುವ ಅರ್ಥದಿಂದಲೇ. ಕರ್ಮ ಲೋಹವೋ ಹಣವೋ ಆಗಿದ್ದರೆ ಈ ಅರ್ಥವನ್ನು ಮೊದಲು ಪರೀಕ್ಷಿಸಿ.

ಇನ್ನೊಂದು ಸಣ್ಣ ಬಲೆ: ಎಸ್ತೇಸೆನ್ ಮತ್ತು ಎಸ್ತೇಸನ್. ಮೊದಲನೆಯದು ಎಸ್ತೇಸೆಗೆ ನಕಾರ ಅಂಟಿದ ಏಕವಚನ. ಲೂಕನ ಸುವಾರ್ತೆಯ 4:9ರಲ್ಲಿ ‘ಎಸ್ತೇಸೆನ್ ಎಪಿ ತೊ ಪ್ತೆರುಗಿಯೊನ್ ತೂ ಹಿಯೆರೂ’ ಎಂದು ಬರುತ್ತದೆ: ‘ದೇವಾಲಯದ ಶಿಖರದ ಮೇಲೆ ನಿಲ್ಲಿಸಿದನು’. ಏಕವಚನದಲ್ಲಿ ಇಕ್ಕಟ್ಟಿಲ್ಲ, ಏಕೆಂದರೆ ‘ನಿಂತನು’ ಆಗಿದ್ದರೆ ಎಸ್ತೇ ಎಂದೇ ಇರುತ್ತಿತ್ತು.

ಎಸ್ತೇಯನ್ನು ‘ನಿಂತಿದ್ದನು’ ಎಂದು ಅನುವಾದಿಸಬೇಡಿ. ಅಯೊರಿಸ್ಟ್ ಹೇಳುವುದು ಘಟನೆಯನ್ನು: ಬಂದು ನಿಂತನು, ಎದ್ದು ನಿಂತನು, ಓಡುತ್ತಿದ್ದವನು ನಿಂತನು. ಯೋಹಾನನ ಸುವಾರ್ತೆಯ 20:19ರ ‘ಎಸ್ತೇ ಎಯ್ಸ್ ತೊ ಮೆಸೊನ್’ ಎಂಬಲ್ಲಿ ಎಯ್ಸ್ ಎಂಬ ಅವ್ಯಯ ಚಲನೆಯನ್ನು ಸೂಚಿಸುತ್ತದೆ. ‘ನಡುವಕ್ಕೆ ಬಂದು ನಿಂತನು’. ಆರ್ಕಿಮಿಡೀಸ್ ಹೇಳಿದನೆಂದು ಗಣಿತಜ್ಞ ಪಾಪ್ಪೋಸ್ ದಾಖಲಿಸಿದ ಮಾತಿನಲ್ಲೂ ಇದೇ ಅಯೊರಿಸ್ಟ್ ಸಬ್ಜಂಕ್ಟಿವ್ ರೂಪದಲ್ಲಿದೆ: ‘ದೊಸ್ ಮೊಯ್ ಪೂ ಸ್ತೋ ಕೈ ಕೀನೋ ತೇನ್ ಗೇನ್’, ‘ನಿಲ್ಲಲು ಒಂದೆಡೆ ಕೊಡು, ಭೂಮಿಯನ್ನು ಕದಲಿಸುತ್ತೇನೆ’. ಆ ‘ಸ್ತೋ’ ಎಸ್ತೇನ್‌ನದು, ‘ನಾನು ನಿಲ್ಲಲು’.

ಇಲಿಯಡ್‌ನ ಆರನೆಯ ಸಾಲಿನಲ್ಲೇ ಇದರ ದ್ವಿವಚನ ಸಿಗುತ್ತದೆ: ‘ಎಕ್ಸ್ ಹೂ ದೇ ತ ಪ್ರೋತ ದಿಯಸ್ತೇತೇನ್ ಎರಿಸನ್ತೆ’. ದಿಯ ಎಂಬ ಉಪಸರ್ಗ ‘ಬೇರೆಯಾಗಿ’. ಸ್ತೇತೇನ್ ಆಗಮ ಕಳೆದುಕೊಂಡ ದ್ವಿವಚನ. ಅಗಮೆಮ್ನಾನ್ ಮತ್ತು ಅಕಿಲೀಸ್ ಜಗಳವಾಡಿ ಬೇರೆ ಬೇರೆ ನಿಂತರು. ಕರ್ಮವಿಲ್ಲ, ಧಾತುವಿಗೆ ನೇರ ಪ್ರತ್ಯಯ. ಮೇಲೆ ಹೇಳಿದ ಕ್ರಮದಲ್ಲೇ ಈ ಪದ ತೊಡಕಿಲ್ಲದೆ ಬಿಚ್ಚಿಕೊಳ್ಳುತ್ತದೆ.

ಎಸ್ತೇಸಮೇನ್, ಎಸ್ತೇಸತೊ, ಎಸ್ತೇಸನ್ತೊ ಎಂಬ ಆತ್ಮನೇಪದದ ‘ಸ’ಕಾರ ಅಯೊರಿಸ್ಟ್ ನೋಡಿ ‘ಆತ್ಮನೇಪದ, ಹಾಗಾದರೆ ನಿಂತರು’ ಎಂದುಕೊಳ್ಳುವುದು ಸಾಮಾನ್ಯ ತಪ್ಪು. ಇದು ಸಕರ್ಮಕವೇ. ‘ತಮಗಾಗಿ ನಿಲ್ಲಿಸಿಕೊಂಡರು’ ಎಂದರ್ಥ. ಕನ್ನಡದ ‘ಕೊಳ್ಳು’ ಇಲ್ಲಿ ಚೆನ್ನಾಗಿ ಕೂಡುತ್ತದೆ.

ಪರ್ಫೆಕ್ಟ್: ಕನ್ನಡಿಗರಿಗೆ ಸುಲಭವಾದ ಭಾಗ

ಹೆಸ್ತೇಕ, ಹೆಸ್ತೇಕಸ್, ಹೆಸ್ತೇಕೆ. ಬಹುವಚನದಲ್ಲಿ ಹೆಸ್ತಮೆನ್, ಹೆಸ್ತತೆ, ಹೆಸ್ತಾಸಿ. ಏಕವಚನದಲ್ಲಿ ‘ಕ’ಕಾರವಿದೆ, ಬಹುವಚನದಲ್ಲಿ ಹಳೆಯ ರೂಪಗಳಿಗೆ ಅದಿಲ್ಲ. ಹೆಸ್ತೇಕಮೆನ್, ಹೆಸ್ತೇಕಾಸಿ ಎಂಬ ಕಕಾರದ ಬಹುವಚನಗಳೂ ಬಳಕೆಯಲ್ಲಿವೆ, ಅರ್ಥ ಅದೇ.

ರೂಪ ಭೂತದ್ದು, ಅರ್ಥ ವರ್ತಮಾನದ್ದು ಎಂದು ಪಠ್ಯಪುಸ್ತಕಗಳು ಇದನ್ನು ವಿಚಿತ್ರವೆಂಬಂತೆ ವಿವರಿಸುತ್ತವೆ. ಕನ್ನಡದಲ್ಲಿ ಇದಕ್ಕೆ ವಿವರಣೆಯೇ ಬೇಡ. ‘ನಿಂತು’ ಎಂಬ ಭೂತ ಕೃದಂತಕ್ಕೆ ‘ಇದ್ದಾನೆ’ ಸೇರಿ ‘ನಿಂತಿದ್ದಾನೆ’ ಆಗುತ್ತದೆ. ನಿಲ್ಲುವ ಕ್ರಿಯೆ ಮುಗಿದಿದೆ, ಫಲವಾದ ಸ್ಥಿತಿ ಈಗ ಇದೆ. ಹೆಸ್ತೇಕೆ ಹೇಳುವುದು ಅದನ್ನೇ. ಪರ್ಫೆಕ್ಟ್‌ನ ಭೂತರೂಪವಾದ ಪ್ಲೂಪರ್ಫೆಕ್ಟ್, ಹೆಯ್ಸ್ತೇಕೆಯ್, ‘ನಿಂತಿದ್ದನು’. ‘ನಿಂತುಬಿಟ್ಟಿದ್ದನು’ ಎಂದು ಇನ್ನೂ ಒಂದು ಮೆಟ್ಟಿಲು ಹಿಂದಕ್ಕೆ ತಳ್ಳಬೇಡಿ.

ಪ್ಲೇಟೋನ ಸಿಂಪೋಸಿಯಂನಲ್ಲಿ, ಪೊತಿದೈಯ ಯುದ್ಧಶಿಬಿರದಲ್ಲಿ ಸಾಕ್ರಟೀಸ್ ಬೆಳಗಿನಿಂದ ಮರುದಿನದ ಸೂರ್ಯೋದಯದವರೆಗೆ ಒಂದೇ ಕಡೆ ನಿಂತು ಯೋಚಿಸುತ್ತಿದ್ದ ಪ್ರಸಂಗವನ್ನು ಆಲ್ಸಿಬಯಾಡೀಸ್ ಹೇಳುತ್ತಾನೆ. ನಿರೂಪಣೆಯಲ್ಲಿ ಬಳಸಿದ್ದು ಹೆಯ್ಸ್ತೇಕೆಯ್, ‘ನಿಂತಿದ್ದನು’. ನೋಡಿದ ಸೈನಿಕರು ಒಬ್ಬರಿಗೊಬ್ಬರು ಆಡಿಕೊಂಡ ಮಾತಿನಲ್ಲಿ ಮಾತ್ರ ಹೆಸ್ತೇಕೆ: ‘ಸೋಕ್ರತೇಸ್ ಎಕ್ಸ್ ಹೆಓಥಿನೂ ಫ್ರೊನ್ತಿಜೋನ್ ತಿ ಹೆಸ್ತೇಕೆ’, ‘ಸಾಕ್ರಟೀಸ್ ಬೆಳಗಿನಿಂದ ಏನನ್ನೋ ಯೋಚಿಸುತ್ತ ನಿಂತಿದ್ದಾನೆ’. ಇವೆರಡನ್ನೂ ಒಟ್ಟಿಗೆ ಓದಿದರೆ ಪರ್ಫೆಕ್ಟ್, ಪ್ಲೂಪರ್ಫೆಕ್ಟ್‌ಗಳ ಸಂಬಂಧ ಮನಸ್ಸಿನಲ್ಲಿ ಕೂರುತ್ತದೆ. ಇದಕ್ಕಿಂತ ಒಳ್ಳೆಯ ಪಾಠ ಯಾವ ವ್ಯಾಕರಣದಲ್ಲೂ ಇಲ್ಲ.

ಪ್ರಕಟನೆ ಗ್ರಂಥದ 3:20ರಲ್ಲಿ ‘ಹೆಸ್ತೇಕ ಎಪಿ ತೇನ್ ಥುರಾನ್ ಕೈ ಕ್ರೂಓ’ ಎಂದಿದೆ: ‘ಬಾಗಿಲಲ್ಲಿ ನಿಂತಿದ್ದೇನೆ, ತಟ್ಟುತ್ತಿದ್ದೇನೆ’. ಪರ್ಫೆಕ್ಟ್ ಮತ್ತು ವರ್ತಮಾನ ಎರಡನ್ನೂ ‘ಕೈ’ (ಮತ್ತು) ಸಮಾನವಾಗಿ ಕೂಡಿಸಿದೆ.

ಬಹುವಚನದ ಮೂರು ರೂಪಗಳು ಒಂದಕ್ಕೊಂದು ಅಂಟಿಕೊಂಡಿವೆ, ಅವನ್ನು ಒಟ್ಟಿಗೆ ಇಟ್ಟು ಓದಿ: ಹೀಸ್ತಸನ್ ‘ನಿಲ್ಲಿಸುತ್ತಿದ್ದರು’, ಹೆಸ್ತಸನ್ ‘ನಿಂತಿದ್ದರು’, ಎಸ್ತೇಸನ್ ‘ನಿಂತರು’ ಅಥವಾ ‘ನಿಲ್ಲಿಸಿದರು’. ಭಾವರೂಪಗಳಲ್ಲೂ ಹಾಗೆ: ಹಿಸ್ತನೈ ನಿಲ್ಲಿಸುವುದು, ಹೆಸ್ತನೈ ನಿಂತಿರುವುದು, ಸ್ತೇನೈ ನಿಲ್ಲುವುದು, ಸ್ತೇಸೈ ನಿಲ್ಲಿಸುವುದು (ಒಮ್ಮೆ ನಡೆಯುವ ಕ್ರಿಯೆಯಾಗಿ).

ಕೃದಂತಗಳಲ್ಲಿ ಹಿಸ್ತಾಸ್ ‘ನಿಲ್ಲಿಸುತ್ತ’, ಸ್ತೇಸಾಸ್ ‘ನಿಲ್ಲಿಸಿ’, ಸ್ತಾಸ್ ‘ನಿಂತು’, ಹೆಸ್ತೋಸ್ ಅಥವಾ ಹೆಸ್ತೇಕೋಸ್ ‘ನಿಂತಿರುವ’. ಆಜ್ಞಾರ್ಥದಲ್ಲಿ ಸ್ತೇಸೊನ್ ‘ನಿಲ್ಲಿಸು’, ಸ್ತೇಥಿ ‘ನಿಲ್ಲು’; ಆ ‘ಥಿ’ ವೈದಿಕ ಸಂಸ್ಕೃತದ ‘ಶೃಣುಧಿ’ಯ ‘ಧಿ’ಗೆ ಬಂಧು.

ಎಸ್ತಥೇನ್‌ಗೆ ಬಂದರೆ, ರೂಪ ಕರ್ಮಣಿಯದಾದರೂ ಅರ್ಥ ಎಷ್ಟೋ ಸಲ ‘ನಿಂತನು’ ಅಷ್ಟೆ. ಒಡಿಸ್ಸಿಯ 17ನೆಯ ಸರ್ಗದಲ್ಲಿ ಕಾಲುಮಣೆ ಎಸೆತ ತಿಂದರೂ ಒಡಿಸ್ಯೂಸ್ ಅಲುಗದೆ ‘ಎಸ್ತಥೇ ಏಉತೆ ಪೆತ್ರೇ’, ಬಂಡೆಯಂತೆ ನಿಂತನು. ಅವನನ್ನು ಯಾರೂ ನಿಲ್ಲಿಸಲಿಲ್ಲ. ಹೊಸ ಒಡಂಬಡಿಕೆಯಲ್ಲಿ ಈ ಬಳಕೆ ಇನ್ನೂ ಹೆಚ್ಚು.

ಉಪಸರ್ಗಗಳು: ಓದಿನಲ್ಲಿ ನಿಜವಾಗಿ ಎದುರಾಗುವುದು

ಗದ್ಯದಲ್ಲಿ ಈ ಕ್ರಿಯಾಪದ ಒಂಟಿಯಾಗಿ ಬರುವುದಕ್ಕಿಂತ ಉಪಸರ್ಗದೊಡನೆ ಬರುವುದೇ ಹೆಚ್ಚು. ಇಲ್ಲಿ ಹಕಾರ ಮತ್ತೆ ನೆರವಿಗೆ ಬರುತ್ತದೆ. ‘ಅಪೊ’ ಎಂಬ ಉಪಸರ್ಗದ ಕೊನೆಯ ಸ್ವರ ಬಿದ್ದು, ಉಳಿದ ‘ಪ’ ಮುಂದಿನ ಹಕಾರದೊಡನೆ ಸೇರಿ ‘ಫ’ ಆಗುತ್ತದೆ. ವರ್ತಮಾನ ಅಫಿಸ್ತೇಮಿ, ಪರ್ಫೆಕ್ಟ್ ಅಫೆಸ್ತೇಕ. ಅಯೊರಿಸ್ಟ್‌ನಲ್ಲಿ ಹಕಾರವಿಲ್ಲ, ಆದ್ದರಿಂದ ಅಪೆಸ್ತೇನ್, ಅಪೆಸ್ತೇಸ. ಭವಿಷ್ಯದಲ್ಲಿ ಸ್ವರವೇ ಬೀಳುವುದಿಲ್ಲ: ಅಪೊಸ್ತೇಸೋ. ‘ಕತ’ ಉಪಸರ್ಗಕ್ಕೆ: ಕಥಿಸ್ತೇಮಿ, ಕಥೆಸ್ತೇಕ, ಕತೆಸ್ತೇನ್, ಕತಸ್ತೇಸೋ. ನಡುವಿನ ವ್ಯಂಜನ ಮಹಾಪ್ರಾಣವೋ ಅಲ್ಪಪ್ರಾಣವೋ ಎಂದು ನೋಡಿದರೆ ಸಾಕು. ಮಹಾಪ್ರಾಣವಿದ್ದರೆ ವರ್ತಮಾನ ಅಥವಾ ಪರ್ಫೆಕ್ಟ್. ಅದರ ನಂತರದ ಸ್ವರ ‘ಇ’ಯೋ ‘ಎ’ಯೋ ಎಂಬುದು ಅವೆರಡನ್ನು ಬೇರೆ ಮಾಡುತ್ತದೆ. ಕಥಿಸ್ತಾಸಿ ‘ನೇಮಿಸುತ್ತಾರೆ’, ಕಥೆಸ್ತಾಸಿ ‘ನೆಲೆಗೊಂಡಿದ್ದಾರೆ’.

ನಿಘಂಟಿನಲ್ಲಿ ಹುಡುಕುವಾಗಲೂ ಇದು ಮುಖ್ಯ. ಅಪೆಸ್ತೇ ಎಂಬುದನ್ನು ‘ಅಪ’ ಪುಟಗಳಲ್ಲಿ ಹುಡುಕಿದರೆ ಸಿಗದು. ಅಫಿಸ್ತೇಮಿ ‘ಅಫ’ ಪುಟಗಳಲ್ಲಿದೆ. ಎಪೆಸ್ತೇಗೆ ಎಫಿಸ್ತೇಮಿ, ಹುಪೆಸ್ತೇಗೆ ಹುಫಿಸ್ತೇಮಿ, ಮೆತೆಸ್ತೇಗೆ ಮೆಥಿಸ್ತೇಮಿ, ಅನ್ತೆಸ್ತೇಗೆ ಅನ್ಥಿಸ್ತೇಮಿ.

ಸಕರ್ಮಕ, ಅಕರ್ಮಕ ಎಂಬ ಭೇದ ಉಪಸರ್ಗ ಬಂದರೂ ಅಳಿಯುವುದಿಲ್ಲ. ಅರ್ಥ ಮಾತ್ರ ಬಣ್ಣ ಬದಲಿಸುತ್ತದೆ. ಅಫಿಸ್ತೇಮಿ ಸಕರ್ಮಕವಾಗಿ ‘ದೂರ ಸರಿಸು, ದಂಗೆ ಎಬ್ಬಿಸು’. ಅಕರ್ಮಕವಾಗಿ ‘ದೂರ ಸರಿ, ದಂಗೆ ಏಳು’. ಕ್ರಿ.ಪೂ. 446ರ ಘಟನೆಯನ್ನು ಥ್ಯುಸಿಡಿಡೀಸ್ ‘ಎಉಬೊಯ ಅಪೆಸ್ತೇ ಅಪೊ ಅಥೇನೈಯೋನ್’ ಎನ್ನುತ್ತಾನೆ: ಯೂಬೀಯ ದ್ವೀಪ ಅಥೆನ್ಸ್‌ನವರ ವಿರುದ್ಧ ದಂಗೆ ಎದ್ದಿತು. ಬಹುವಚನವಾಗಿ ಅಪೆಸ್ತೇಸನ್ ಎಂದಾದರೆ ಹಳೆಯ ಇಕ್ಕಟ್ಟೇ: ‘ದಂಗೆ ಎದ್ದರು’ ಅಥವಾ ‘ದಂಗೆ ಎಬ್ಬಿಸಿದರು’. ‘ತೂಸ್ ಸುಮ್ಮಖೂಸ್’ (ಮಿತ್ರರನ್ನು) ಎಂಬಂಥ ಕರ್ಮವಿದ್ದರೆ ಎರಡನೆಯದು. ಇತಿಹಾಸ ಓದುವಾಗ ಇಲ್ಲಿ ತಪ್ಪಿದರೆ ದಂಗೆಕೋರರು ಯಾರು ಎಂಬುದೇ ಅದಲುಬದಲಾಗುತ್ತದೆ.

ಕಥಿಸ್ತೇಮಿಗೆ ಎರಡು ದ್ವಿತೀಯೆಗಳು ಬರುತ್ತವೆ: ‘ಅವನನ್ನು ಸೇನಾಪತಿಯನ್ನಾಗಿ ನೇಮಿಸಿದರು’ ಎಂಬಂತೆ. ಅಕರ್ಮಕದಲ್ಲಿ ಎರಡೂ ಪ್ರಥಮೆಯಾಗುತ್ತವೆ, ‘ಸ್ತ್ರತೇಗೊಸ್ ಕತೆಸ್ತೇ’, ‘ಸೇನಾಪತಿಯಾದನು’. ಇಲ್ಲಿ ‘ನಿಲ್ಲು’ ಎಂಬ ಪದವನ್ನು ಅನುವಾದದಲ್ಲಿ ತುರುಕಬಾರದು; ‘ಆಗು’ ಸಾಕು. ಅನಿಸ್ತೇಮಿ ‘ಎಬ್ಬಿಸು, ಏಳು’, ಸುನಿಸ್ತೇಮಿ ‘ಒಟ್ಟುಗೂಡಿಸು’, ಎಕ್ಸಿಸ್ತೇಮಿ ‘ಸ್ಥಿಮಿತ ತಪ್ಪಿಸು’, ಪ್ರೊಯಿಸ್ತೇಮಿ ‘ಮುಂದೆ ನಿಲ್ಲಿಸು’, ಅಕರ್ಮಕದಲ್ಲಿ ‘ಮುಂದಾಳಾಗಿರು’. ನಮ್ಮ ಉತ್ಥಾನ, ಸಂಸ್ಥೆ, ವ್ಯವಸ್ಥೆ, ಅವಸ್ಥೆಗಳೂ ಇದೇ ಧಾತುವಿಗೆ ಉಪಸರ್ಗ ಸೇರಿ ಹುಟ್ಟಿದವು. ನಾಮಪದದಲ್ಲಿ ‘ಸ್ಥಿತಿ’ ಮತ್ತು ಗ್ರೀಕ್ ‘ಸ್ತಸಿಸ್’ ಒಂದೇ ಅಚ್ಚು, ಆದರೆ ಗ್ರೀಕ್ ರಾಜಕೀಯದಲ್ಲಿ ಸ್ತಸಿಸ್ ಎಂದರೆ ಪಕ್ಷಕಟ್ಟಿ ನಿಲ್ಲುವುದು, ಅಂತಃಕಲಹ. ಕ್ರಿ.ಪೂ. 427ರ ಕೊರ್ಕುರ ದ್ವೀಪದ ರಕ್ತಪಾತವನ್ನು ಥ್ಯುಸಿಡಿಡೀಸ್ ವಿವರಿಸುವುದು ಈ ಪದದಿಂದಲೇ. ಆದ್ದರಿಂದ ಸಂಸ್ಕೃತದ ಹೋಲಿಕೆಯನ್ನು ರೂಪ ನೆನಪಿಡಲು ಬಳಸಿ. ಅರ್ಥಕ್ಕೆ ಗ್ರೀಕ್ ವಾಕ್ಯವನ್ನೇ ನಂಬಿ.

ಬಿಡಿಸುವ ಒಂದು ಮಾದರಿ

ಅಫೆಸ್ತೇಕೆಸನ್ ಎಂಬ ಪದ ಬಂತೆನ್ನಿ. ಉಪಸರ್ಗ ‘ಅಪೊ’, ‘ಫ’ಕಾರದಿಂದ ಒಳಗೆ ಹಕಾರವಿದೆ ಎಂದು ತಿಳಿಯುತ್ತದೆ, ನಂತರ ‘ಎ’, ಆದ್ದರಿಂದ ಪರ್ಫೆಕ್ಟ್ ಅಂಗ, ‘ಕ’ಕಾರ ಅದನ್ನು ಖಚಿತಪಡಿಸುತ್ತದೆ, ‘ಎಸನ್’ ಭೂತಕಾಲದ ಬಹುವಚನ, ಆದ್ದರಿಂದ ಪ್ಲೂಪರ್ಫೆಕ್ಟ್. ಪರ್ಫೆಕ್ಟ್ ಅಂಗ ಅಕರ್ಮಕ, ಕರ್ಮ ಹುಡುಕುವ ಅಗತ್ಯವಿಲ್ಲ. ಅರ್ಥ: ‘ದಂಗೆ ಎದ್ದಿದ್ದರು’. ಆಟಿಕ್‌ನಲ್ಲಿ ಇದೇ ರೂಪ ಅಫೆಯ್ಸ್ತೇಕೆಸನ್ ಎಂದೂ ಬರುತ್ತದೆ, ಬಿಡಿಸುವ ಹಾದಿ ಅದೇ.

ಇಷ್ಟಾದರೂ ಕೆಲವು ಹೋಲುವ ಪದಗಳು ಉಳಿಯುತ್ತವೆ. ಎಸ್ತೈ ‘ಇರುವುದು’ (ಭವಿಷ್ಯ), ಎಸ್ತೇ ‘ನಿಂತನು’. ಇಸ್ತೆ ‘ನೀವು ಬಲ್ಲಿರಿ’, ಹಿಸ್ತತೆ ‘ನೀವು ನಿಲ್ಲಿಸುತ್ತೀರಿ’. ಅಫಿಯೇಮಿ ‘ಕಳಿಸಿಬಿಡು’ ಎಂಬುದು ಹಿಯೇಮಿ ಎಂಬ ಬೇರೆ ಕ್ರಿಯಾಪದದ್ದು. ಅದರಲ್ಲಿ ‘ಸ್ತ’ ಇರುವುದಿಲ್ಲ.

ಕಲಿಯುವ ಕ್ರಮದ ಬಗ್ಗೆ ಹೇಳುವುದಾದರೆ, ಎಲ್ಲ ಪಟ್ಟಿಗಳನ್ನೂ ಉತ್ತಮಪುರುಷದಿಂದ ಶುರುಮಾಡಿ ಉರು ಹೊಡೆಯುವುದು ನಿಧಾನದ ದಾರಿ. ಕಥನ ಗದ್ಯದಲ್ಲಿ ಕಾಣುವುದು ಬಹುಪಾಲು ಪ್ರಥಮಪುರುಷ, ಕೃದಂತ ಮತ್ತು ಭಾವರೂಪ. ಮುಖ್ಯರೂಪಗಳ ನಂತರ ಹಿಸ್ತೇಸಿ, ಹಿಸ್ತತೈ, ಎಸ್ತೇಸೆ, ಎಸ್ತೇ, ಹೆಸ್ತೇಕೆ, ಹೆಯ್ಸ್ತೇಕೆಯ್ ಎಂಬ ಆರನ್ನು ಅರ್ಥಸಹಿತ ಕಲಿಯಿರಿ; ಆಮೇಲೆ ಅವುಗಳ ಬಹುವಚನ; ಆಮೇಲೆ ನಾಲ್ಕು ಕೃದಂತಗಳು. ಪೂರ್ತಿ ಪಟ್ಟಿಗಳು ಆಮೇಲೆ ತಾವಾಗಿ ತುಂಬಿಕೊಳ್ಳುತ್ತವೆ. ಗ್ರೀಕ್‌ನಲ್ಲಿ ಬರೆಯುವ ಅಭ್ಯಾಸ ಮಾಡುವವರು ಕನ್ನಡ ವಾಕ್ಯದಲ್ಲಿ ‘ಇಸು’ ಇದೆಯೇ ಎಂದು ಮೊದಲು ನೋಡಿ, ಆಮೇಲೆ ಅಂಗ ಆರಿಸಬೇಕು.

ಕೊಯ್ನೆ (ಹೊಸ ಒಡಂಬಡಿಕೆಯ ಗ್ರೀಕ್) ಕಾಲದ ಪಠ್ಯಗಳಿಗೆ ಬಂದಾಗ ಇನ್ನೆರಡು ರೂಪಗಳನ್ನು ಗುರುತಿಟ್ಟುಕೊಳ್ಳಿ. ಹೆಸ್ತೇಕ ಎಂಬುದರ ಅರ್ಥ ವರ್ತಮಾನದ್ದೇ ಆಗಿದ್ದರಿಂದ ಅದರಿಂದ ಸ್ತೇಕೋ ಎಂಬ ಹೊಸ ವರ್ತಮಾನ ಹುಟ್ಟಿತು, ‘ನಿಂತಿರುತ್ತೇನೆ’. ಪೌಲನ ಪತ್ರಗಳ ‘ಸ್ತೇಕೆತೆ’ (ದೃಢವಾಗಿ ನಿಲ್ಲಿರಿ) ಇದರದು. ಸಕರ್ಮಕಕ್ಕೆ ಹಿಸ್ತನೋ ಎಂಬ ರೂಪ ‘ಮಿ’ ಪ್ರತ್ಯಯವನ್ನು ಕಳಚಿಕೊಂಡು ಬಂತು. ಇಂದಿನ ಗ್ರೀಕ್‌ನಲ್ಲಿ ನಿಲ್ಲುವುದಕ್ಕೆ ಸ್ತೆಕೊಮೆ, ನಿಲ್ಲಿಸುವುದಕ್ಕೆ ಸ್ತಿನೊ ಎಂದು ಎರಡು ಬೇರೆ ಕ್ರಿಯಾಪದಗಳೇ ಇವೆ.